4ಕೆ 144 ಹರ್ಟ್ಜ್ ಅಂತ ಮಾರಿದ ಕೇಬಲ್ ಬಗ್ಗೆ ದೂರು

ಕಸ್ಟಮರ್ ಕೇರ್‌ನವರಿಗೆ ನಮಸ್ಕಾರ,

ಮಂಗಳೂರು ಕದ್ರಿಯಿಂದ ಬರೀತಿದ್ದೇನೆ. ನಿಮ್ಮ ಸೈಟಲ್ಲಿ ಮಾನಿಟರ್ ಜೊತೆ ತಗೊಂಡ ಮೂರು ಮೀಟರ್ ಎಚ್‌ಡಿಎಂಐ ಕೇಬಲ್ ಬಗ್ಗೆ ಈ ದೂರು, ಮಾನಿಟರ್ ಬಗ್ಗೆ ಅಲ್ಲ. ಮೊದ್ಲೇ ಹೇಳಿಬಿಡ್ತೇನೆ, ಯಾಕಂದ್ರೆ ಫೋನ್ ಮಾಡಿದಾಗೆಲ್ಲ ನಿಮ್ಮವರು ಮಾನಿಟರಿನ ಸೀರಿಯಲ್ ನಂಬರೇ ಕೇಳ್ತಾರೆ.

ಲಿಸ್ಟಿಂಗಲ್ಲಿ ನೀವು ಹಾಕಿದ್ದು "2.1, 48 ಜಿಬಿಪಿಎಸ್, 4ಕೆ 144 ಹರ್ಟ್ಜ್", ಅಂದ್ರೆ ಎಚ್‌ಡಿಎಂಐ 2.1 ವರ್ಷನ್, ಸೆಕೆಂಡಿಗೆ 48 ಗಿಗಾಬಿಟ್ ಡೇಟಾ, 4ಕೆ ಚಿತ್ರ ಸೆಕೆಂಡಿಗೆ 144 ಸಲ. ಬಂದ ಕೇಬಲನ್ನು ಬೆಳಕಿಗೆ ಹಿಡಿದು ನೋಡಿದ್ರೆ ಸಣ್ಣ ಬಿಳಿ ಅಕ್ಷರದಲ್ಲಿ "ಹೈ ಸ್ಪೀಡ್ ಎಚ್‌ಡಿಎಂಐ ಕೇಬಲ್ ವಿತ್ ಈಥರ್ನೆಟ್" ಅಂತ ಉಂಟು. ಅದು ಹಳೇ ಎಚ್‌ಡಿಎಂಐ 1.4ರ ಕಾಲದ್ದು ಮಾರಾಯ್ರೆ, 10.2 ಜಿಬಿಪಿಎಸ್, 4ಕೆ ಆದ್ರೆ 30 ಹರ್ಟ್ಜಿಗೆ ಮಾಡಿದ್ದು. 18 ಜಿಬಿಪಿಎಸ್ ಕೇಬಲಿನ ಹೆಸರು ಪ್ರೀಮಿಯಂ ಹೈ ಸ್ಪೀಡ್, 48ರದ್ದು ಅಲ್ಟ್ರಾ ಹೈ ಸ್ಪೀಡ್, ಅಲ್ಟ್ರಾ ಆದ್ರೆ ಪ್ಯಾಕೆಟ್ ಮೇಲೆ ಸ್ಕ್ಯಾನ್ ಮಾಡುವ ಸರ್ಟಿಫಿಕೇಶನ್ ಲೇಬಲ್ ಇರ್ಲೇಬೇಕು. ನಿಮ್ಮ ಡಬ್ಬದಲ್ಲಿ ಇರೋದು ಎಂಆರ್‌ಪಿ ಸ್ಟಿಕ್ಕರ್, ಮತ್ತೆ ಚಿನ್ನದ ಬಣ್ಣದಲ್ಲಿ ದೊಡ್ಡದಾಗಿ "8ಕೆ". ಅಷ್ಟೇ.

ಲೆಕ್ಕ ನೀವೇ ಹಾಕಿ ನೋಡಿ. 3840 ಗುಣಿಸು 2160 ಪಿಕ್ಸೆಲ್, ಸೆಕೆಂಡಿಗೆ 144 ಸಲ, ಒಂದೊಂದು ಪಿಕ್ಸೆಲಿಗೆ 24 ಬಿಟ್ ಅಂದ್ರೆ 28 ಜಿಬಿಪಿಎಸ್ ದಾಟ್ತದೆ, ಬೆಳಕು-ಬಣ್ಣ ಇನ್ನೂ ಚಂದ ತೋರಿಸುವ ಎಚ್‌ಡಿಆರ್ ಹಾಕಿದ್ರೆ ಒಂದೊಂದು ಬಣ್ಣಕ್ಕೆ 10 ಬಿಟ್, ಪಿಕ್ಸೆಲಿಗೆ 30, ಆಗ ಹತ್ರ ಹತ್ರ 36, ಚಿತ್ರಗಳ ನಡುವಿನ ಖಾಲಿ ಸಮಯ, ಅಂದ್ರೆ ಬ್ಲ್ಯಾಂಕಿಂಗ್, ಇನ್ನೂ ಸೇರಿಸಿಲ್ಲ. 18ರ ಕೇಬಲೇ ಸಾಲ್ದು, ಇದು ಎಲ್ಲಿಂದ ಸಾಕಾಗ್ಬೇಕು? ಚಿತ್ರದ ಡೇಟಾ ಕುಗ್ಗಿಸಿ ಕಳಿಸುವ ಡಿಎಸ್‌ಸಿ ಕಂಪ್ರೆಷನ್ ಇರ್ತದಲ್ಲ ಸರ್ ಅಂತ ನಿಮ್ಮವರೊಬ್ರು ಹೇಳಿದ್ರು, ಇರ್ಬಹುದು, ಆದ್ರೆ ನೀವು ದುಡ್ಡು ತಗೊಂಡದ್ದು 48 ಅಂತ ಹೇಳಿ, ಕಂಪ್ರೆಸ್ ಮಾಡಿದ್ರೆ ಹೇಗೋ ಸುಧಾರಿಸ್ತದೆ ಅಂತ ಹೇಳಿ ಅಲ್ವಲ್ಲ.

60ಕ್ಕೆ ಇಟ್ರೆ ಚಿತ್ರ ಬರ್ತದೆ, ಆಗಾಗ ಬಿಳಿ ಚುಕ್ಕಿ ಮಿಂಚ್ತದೆ. 144 ಹಾಕಿದ ಕೂಡ್ಲೇ ಸ್ಕ್ರೀನ್ ಕಪ್ಪು, ಎರಡು ಸೆಕೆಂಡಲ್ಲಿ ವಾಪಸ್, ಪುನಃ ಕಪ್ಪು. ಡ್ರೈವರ್ ಅಪ್‌ಡೇಟ್ ಮಾಡಿ ಅಂದ್ರಿ, ಮಾಡಿದೆ. ವಿಂಡೋಸ್ ಹೊಸದಾಗಿ ಹಾಕಿ ಅಂದ್ರಿ, ಅದನ್ನೂ ಮಾಡಿ ಒಂದು ಭಾನುವಾರ ಹಾಳಾಯ್ತು. ಕಡೆಗೆ ಮನೆಗೆ ಬಂದ ಟೆಕ್ನಿಷಿಯನ್ ಸಮುದ್ರದ ಗಾಳಿಗೆ ಪಿನ್ ತುಕ್ಕು ಹಿಡಿದಿರ್ಬೇಕು ಅಂದ್ರು, ಆಗಷ್ಟೇ ಪ್ಲಾಸ್ಟಿಕ್ ಬಿಚ್ಚಿದ ಕೇಬಲಿಗೆ! ಮಣಿಪಾಲದ ದೋಸ್ತಿಯ ಹತ್ರ ಇದ್ದ ಲೇಬಲ್ ಇರುವ ಕೇಬಲ್ ತಂದು ಅದೇ ಲ್ಯಾಪ್‌ಟಾಪ್, ಅದೇ ಪೋರ್ಟಿಗೆ ಹಾಕಿದ್ರೆ 144 ಸೀದಾ ಬಂತು, ರಾತ್ರಿ ಇಡೀ ಒಂದು ಸಲವೂ ಕಪ್ಪಾಗ್ಲಿಲ್ಲ. ವಿಡಿಯೋ ಕಳಿಸಿದ್ದೇನೆ. ಅದಕ್ಕೆ ಉತ್ತರ ಬರ್ಲಿಲ್ಲ, "ಸಮಸ್ಯೆ ಬಗೆಹರಿದಿದೆ" ಅಂತ ಟಿಕೆಟ್ ಕ್ಲೋಸ್ ಆದ ಮೆಸೇಜ್ ಬಂತು, ಅಷ್ಟೊತ್ತಿಗೆ ರಿಟರ್ನ್ ಟೈಮೂ ಮುಗಿದಿತ್ತು.

ಬೇರೆ ಕೇಬಲ್ ಕಳಿಸ್ಬೇಡಿ, ಅದೇ ಸ್ಟಾಕಿನದ್ದು ಬರ್ತದೆ. ಪೂರ್ತಿ ದುಡ್ಡು ವಾಪಸ್ ಮಾಡಿ, ಲಿಸ್ಟಿಂಗಿಂದ 48 ತೆಗೀರಿ. ಇದನ್ನು ನಿಮ್ಮ ಗ್ರೀವೆನ್ಸ್ ಆಫೀಸರಿಗೂ ಕಳಿಸಿದ್ದೇನೆ, 2020ರ ಇ-ಕಾಮರ್ಸ್ ರೂಲ್ಸ್ ಪ್ರಕಾರ 48 ಗಂಟೆಯಲ್ಲಿ ದೂರು ಸಿಕ್ಕಿದೆ ಅಂತ ತಿಳಿಸ್ಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡ್ಬೇಕು. ಇಲ್ಲಾಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೇನೆ, ಆಮೇಲೆ ಇಲ್ಲಿನ ಜಿಲ್ಲಾ ಗ್ರಾಹಕರ ಆಯೋಗ.

ಪಿಕಪ್‌ಗೆ ಬರುವವರು ಸಂಜೆ ಆರರ ಮೇಲೆ ಬರ್ಲಿ, ಮೊದ್ಲು ಒಂದು ಫೋನ್ ಮಾಡ್ಲಿ. ಡಬ್ಬ, ಬಿಲ್ಲು ಎಲ್ಲ ತೆಗೆದಿಟ್ಟಿದ್ದೇನೆ.

ಇತಿ,
ನಿಮ್ಮ ಗ್ರಾಹಕ, ಕದ್ರಿ, ಮಂಗಳೂರು