ಪುರಾವೆ ಕೇಳುವ ಸರ್ಕಾರವೇ ಪುರಾವೆಯನ್ನು ಉಳಿಸಬೇಕಿತ್ತು: ಮುಖ್ಯಮಂತ್ರಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಯವರಲ್ಲಿ,

ಸವಿನಯ ವಂದನೆಗಳು.

ಕನ್ನಡದ ಮೊದಮೊದಲ ವಾಕ್ಚಿತ್ರಗಳಲ್ಲಿ ಬಣ್ಣ ಹಚ್ಚಿದ ಕುಟುಂಬಗಳ ಬಳಿ ಇನ್ನೂ ಉಳಿದಿರುವ ಭಾವಚಿತ್ರ, ಕರಪತ್ರ, ಕರಾರುಪತ್ರ, ಹಾಡಿನ ಪುಸ್ತಕಗಳನ್ನು ಸರ್ಕಾರವೇ ಪಡೆದು, ಪ್ರತಿ ಮಾಡಿಕೊಂಡು, ಮೂಲವನ್ನು ಮನೆಯವರಿಗೆ ಮರಳಿಸುವ ಒಂದು ಶಾಶ್ವತ ಚಲನಚಿತ್ರ ಭಂಡಾರವನ್ನು ಸ್ಥಾಪಿಸಬೇಕು. ಆ ಭಂಡಾರದ ದಾಖಲೆಯನ್ನೇ ವೃದ್ಧ ಕಲಾವಿದರ ಮಾಸಾಶನಕ್ಕೆ ಪುರಾವೆಯೆಂದು ಒಪ್ಪಬೇಕು. ಇದು ನನ್ನ ಕೋರಿಕೆ. ಇದನ್ನೇ ಅರ್ಜಿಗಳಲ್ಲಿ, ಮನವಿಪತ್ರಗಳಲ್ಲಿ ವರ್ಷಗಳಿಂದ ಬರೆಯುತ್ತ ಬಂದಿದ್ದೇನೆ. ಯಾವುದಕ್ಕೂ ಉತ್ತರ ಬಾರದಿರುವುದರಿಂದ ಈಗ ನಾಲ್ಕು ಜನ ಓದುವಂತೆ ಬರೆಯಬೇಕಾಗಿದೆ.

ಮಾಸಾಶನದ ನಿಯಮಗಳು ತಮಗೆ ತಿಳಿಯದವಲ್ಲ. ಅರ್ಜಿದಾರರು ಕಲಾವಿದರಾಗಿ ದುಡಿದಿದ್ದಕ್ಕೆ ದಾಖಲೆ ಒದಗಿಸಬೇಕು ಎಂಬುದು ನ್ಯಾಯವಾದ ನಿಯಮವೇ. ಸುಳ್ಳು ಅರ್ಜಿ ಹಾಕಿ ನಿಜವಾದ ಕಲಾವಿದರ ಅನ್ನ ಕಸಿಯುವವರು ಇರುವಾಗ ಅದು ಬೇಕೇ ಬೇಕು. ಆದರೆ ಎಂಬತ್ತು ದಾಟಿದ ನನ್ನ ತಾಯಿಯಂಥವರು ಆ ದಾಖಲೆಯನ್ನು ಎಲ್ಲಿಂದ ತರಬೇಕು? ಅವರು ಹುಟ್ಟಿದ್ದು ನಾಟಕ ಕಂಪನಿಯ ಕ್ಯಾಂಪಿನಲ್ಲಿ. ನಡೆಯಲು ಕಲಿತ ಮೇಲೆ ಬಾಲಕೃಷ್ಣನಾಗಿ, ಧ್ರುವನಾಗಿ, ಲೋಹಿತಾಶ್ವನಾಗಿ ರಂಗಕ್ಕೆ ಬಂದವರು, ಒಂದೆರಡು ಚಿತ್ರಗಳಲ್ಲಿ ಬಾಲಪಾತ್ರ ಮಾಡಿದವರು, ಅನಂತರ ಕಂಪನಿಗಳು ಒಂದೊಂದಾಗಿ ಮುಚ್ಚಿಹೋಗುವವರೆಗೂ ಊರೂರು ಅಲೆದವರು. ಪ್ರಮಾಣಪತ್ರ ಕೊಡಬೇಕಾದ ಮಾಲೀಕರು ಎಂದೋ ತೀರಿಕೊಂಡಿದ್ದಾರೆ. ಆ ಕಂಪನಿಗೆ ಇಂದು ವಿಳಾಸವಿಲ್ಲ. ಆ ಚಿತ್ರಗಳ ಪ್ರಿಂಟು ಎಲ್ಲಿಯೂ ಸಿಗುವುದಿಲ್ಲ.

ನಮ್ಮ ಬಳಿ ಇದ್ದದ್ದು ಒಂದೇ ಒಂದು ಭಾವಚಿತ್ರ. ಸ್ಟುಡಿಯೋದ ಸೆಟ್ಟಿನಲ್ಲಿ ತೆಗೆದದ್ದು. ನನ್ನ ಅಜ್ಜಿ ರಾಣಿಯ ಸಖಿಯ ವೇಷದಲ್ಲಿ ಚಾಮರ ಹಿಡಿದು ನಿಂತಿದ್ದಾರೆ. ಅವರ ಸೆರಗಿಗೆ ಒರಗಿಕೊಂಡು, ತಲೆಗೆ ನವಿಲುಗರಿ ಸಿಕ್ಕಿಸಿಕೊಂಡ ನನ್ನ ತಾಯಿ, ಕ್ಯಾಮೆರಾದ ಕಡೆಗೆ ನೋಡಬಾರದೆಂದು ಹೇಳಿದ್ದರೂ ಕ್ಯಾಮೆರಾವನ್ನೇ ನೋಡುತ್ತಿದ್ದಾರೆ. ಮೂಲ ದಾಖಲೆಯನ್ನೇ ಹಾಜರುಪಡಿಸಬೇಕು, ನಕಲು ನಡೆಯುವುದಿಲ್ಲ ಎಂದು ಕಚೇರಿಯೊಂದರಲ್ಲಿ ಹಟ ಹಿಡಿದಿದ್ದರಿಂದ, ಅಮ್ಮ ಅದನ್ನು ಹಳೆಯ ರೇಷ್ಮೆ ಬಟ್ಟೆಯಲ್ಲಿ ಸುತ್ತಿಕೊಂಡು ತಾವೇ ಬಂದರು. ಅಲ್ಲಿನ ಸಿಬ್ಬಂದಿ ಅದನ್ನು ಅರ್ಜಿಯ ಮೇಲಿಟ್ಟು, ಪಿನ್ನು ಹೊಡೆದು, ನೇರಳೆ ಮಸಿಯ ಮೊಹರನ್ನು ಅಜ್ಜಿಯ ಮುಖದ ಮೇಲೆಯೇ ಒತ್ತಿದರು. ಹಿಂಬದಿಯಲ್ಲಿ ಒತ್ತಬಹುದಿತ್ತು, ಅಂಚಿನ ಬಿಳಿಯ ಜಾಗದಲ್ಲಿ ಒತ್ತಬಹುದಿತ್ತು. ಅಮ್ಮ "ಅಯ್ಯೋ, ಅದು ನಮ್ಮವ್ವ ಕಣಪ್ಪ" ಎಂದಾಗ ಆತ ತಲೆಯೆತ್ತಿಯೂ ನೋಡದೆ, "ಫೋಟೋ ಯಾರು ಬೇಕಾದರೂ ತೆಗೆಸಿಕೊಳ್ಳಬಹುದು, ಪಿಕ್ಚರ್‌ನ ಸಿ.ಡಿ. ತನ್ನಿ" ಎಂದರು.

ಸ್ವಾಮಿ, ಸಿ.ಡಿ. ತರಬೇಕಂತೆ! ಕನ್ನಡದ ಮೊದಲ ವಾಕ್ಚಿತ್ರದ ಸಿ.ಡಿ. ತಮ್ಮ ಸರ್ಕಾರದ ಬಳಿ ಇದೆಯೇ? ಈ ನಾಡಿನಲ್ಲಿ ಯಾರ ಬಳಿಯಾದರೂ ಇದೆಯೇ? ಸರ್ಕಾರಕ್ಕೇ ಉಳಿಸಿಕೊಳ್ಳಲಾಗದ ವಸ್ತುವನ್ನು ಒಬ್ಬ ಮುದುಕಿ ತನ್ನ ಟ್ರಂಕಿನಿಂದ ತೆಗೆದುಕೊಡಬೇಕೇ?

ಅರ್ಜಿ ತಿರಸ್ಕೃತವಾಗಿ ಭಾವಚಿತ್ರ ಕೈಗೆ ಬಂದ ದಿನ ಅಮ್ಮ ಆ ಮಸಿಯನ್ನು ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಲು ನೋಡಿದರು. ಹಳೆಯ ಕಾಗದ, ಹಳೆಯ ಲೇಪ. ಮಸಿಯ ಜೊತೆಗೆ ಅಜ್ಜಿಯ ಎಡಗೆನ್ನೆಯೂ ಎದ್ದುಬಂತು. ಆ ಮೇಲೆ ಅಮ್ಮ ಮಾಸಾಶನದ ಮಾತನ್ನೇ ಎತ್ತಿಲ್ಲ. ನಾನು ಎತ್ತುತ್ತಿದ್ದೇನೆ.

1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ಕನ್ನಡದ ಆ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆ ಕಂಡಿತು. ವೈ.ವಿ. ರಾವ್ ನಿರ್ದೇಶಿಸಿದರು, ಬೆಳ್ಳಾವೆ ನರಹರಿ ಶಾಸ್ತ್ರಿಗಳು ಸಂಭಾಷಣೆ ಬರೆದರು, ಸುಬ್ಬಯ್ಯ ನಾಯ್ಡು ಇಂದ್ರಜಿತುವಾದರು, ಆರ್. ನಾಗೇಂದ್ರರಾಯರು ರಾವಣನಾದರು, ತ್ರಿಪುರಾಂಬ ಸುಲೋಚನೆಯಾದರು. ಮೈಸೂರು ಸಂಸ್ಥಾನದಲ್ಲಿ ಮಾತಿನ ಚಿತ್ರ ತೆಗೆಯುವ ಸೌಕರ್ಯವಿಲ್ಲದೆ ಕಲಾವಿದರೆಲ್ಲ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋಗೆ ಹೋಗಬೇಕಾಯಿತು. ಆ ದಿನವನ್ನು ನಾವು ಪ್ರತಿವರ್ಷ ಕನ್ನಡ ಚಿತ್ರರಂಗದ ಹುಟ್ಟುಹಬ್ಬವೆಂದು ನೆನೆಯುತ್ತೇವೆ, ವೇದಿಕೆಗಳಲ್ಲಿ ಭಾಷಣ ಮಾಡುತ್ತೇವೆ. ಆದರೆ ಇಂದು ಆ ಚಿತ್ರವೂ ಇಲ್ಲ, ಆ ಚಿತ್ರಮಂದಿರವೂ ಇಲ್ಲ.

ಹೆಸರಾದ ಮನೆತನಗಳ ಕಥೆ ಹೇಗೋ ಉಳಿದುಕೊಂಡಿದೆ, ಏಕೆಂದರೆ ಅವರ ಮಕ್ಕಳೂ ಮೊಮ್ಮಕ್ಕಳೂ ಇದೇ ರಂಗದಲ್ಲಿ ಮುಂದುವರಿದರು. ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್, ಸೊಸೆ ಗಿರಿಜಾ ಲೋಕೇಶ್, ಮೊಮ್ಮಗ ಸೃಜನ್ ಅವರನ್ನು ಇಂದಿನವರೂ ಬಲ್ಲರು. ನಾಗೇಂದ್ರರಾಯರ ಮಕ್ಕಳಲ್ಲಿ ಆರ್.ಎನ್. ಜಯಗೋಪಾಲ್ ಹಾಡು ಬರೆದರು, ಸುದರ್ಶನ್ ನಟರಾದರು, ಪ್ರಸಾದ್ ಕ್ಯಾಮೆರಾ ಹಿಡಿದರು. ಗುಬ್ಬಿ ವೀರಣ್ಣನವರು ಬೆಂಗಳೂರಿನಲ್ಲಿ ಮೂಕಿ ಚಿತ್ರಗಳನ್ನು ತೆಗೆಯಲು ಕೈಹಾಕಿದರು, ಅವರ ಪತ್ನಿ ಬಿ. ಜಯಮ್ಮನವರು ಆ ಮೂಕಿಗಳಿಂದ ಹಿಡಿದು ವಾಕ್ಚಿತ್ರಗಳವರೆಗೆ ನಟಿಸಿದರು, ಮೊಮ್ಮಗಳು ಬಿ. ಜಯಶ್ರೀಯವರು ಇಂದಿಗೂ ಆ ಪರಂಪರೆಯ ದನಿಯಾಗಿದ್ದಾರೆ. ಇಷ್ಟು ದೊಡ್ಡ ಮನೆತನಗಳ ಆರಂಭದ ಚಿತ್ರಗಳನ್ನೇ ನೋಡೋಣವೆಂದರೆ ಸಿಗುವುದಿಲ್ಲ. ಹಾಗಿರುವಾಗ ಸಖಿ, ದೂತ, ಋಷಿಪತ್ನಿ, ದ್ವಾರಪಾಲಕರಾಗಿ ನಿಂತು ಹೋದವರ ಕುಟುಂಬಗಳಿಗೆ ಯಾರು ಸಾಕ್ಷಿ ಹೇಳಬೇಕು?

ಅವರ ಬದುಕು ಎಂಥದ್ದಾಗಿತ್ತು ಎಂಬುದನ್ನು ತಾವು ಸ್ವಲ್ಪ ಕೇಳಿಸಿಕೊಳ್ಳಬೇಕು. ನನ್ನ ತಾತ ಕಂಪನಿಯಲ್ಲಿ ಖಳಪಾತ್ರಧಾರಿ. ಸಫೇದ, ಇಂಗಳೀಕ ಬಳಿದುಕೊಂಡು ಬೆಳಗಿನ ಜಾವದವರೆಗೆ ಕಂದಪದ್ಯ ಹಾಡುವುದು, ಹಗಲು ನಿದ್ದೆ, ಊರಿನಲ್ಲಿ ಗಲ್ಲಾಪೆಟ್ಟಿಗೆ ಬಿದ್ದುಹೋದರೆ ಪರದೆ, ಪೆಟ್ಟಿಗೆಗಳನ್ನು ಗಾಡಿಗೆ ಹೇರಿಕೊಂಡು ಮುಂದಿನ ಊರು. ಮಳೆ ಹಿಡಿದರೆ ಕಂಪನಿಗೆ ಆಟವಿಲ್ಲ, ಆಟವಿಲ್ಲದಿದ್ದರೆ ಸಂಬಳವಿಲ್ಲ. ಪ್ಲೇಗು, ಕಾಲರಾ ಎಂದರೆ ಊರೇ ಖಾಲಿ. ಸಿನಿಮಾದ ಅಡ್ವಾನ್ಸ್ ಕೈಗೆ ಬಂದಾಗ ಇನ್ನು ಕಷ್ಟ ತೀರಿತೆಂದೇ ಅಜ್ಜಿ ನಂಬಿದ್ದರಂತೆ. ಹಿನ್ನೆಲೆ ಗಾಯನ ರೂಢಿಗೆ ಬಾರದ ಆ ಕಾಲದಲ್ಲಿ ನಟರು ತಾವೇ ಹಾಡುತ್ತ ನಟಿಸಬೇಕಿತ್ತು. ಕೊನೆಯ ಸಾಲಿನ ಪ್ರೇಕ್ಷಕನಿಗೆ ಮುಟ್ಟುವಂತೆ ಎತ್ತರದ ಶಾರೀರದಲ್ಲಿ ಹಾಡಿ ಪಳಗಿದವರು ಮೈಕಿನ ಮುಂದೆ ದನಿ ತಗ್ಗಿಸಲಾಗದೆ ಬೈಸಿಕೊಂಡರು. ತಾತನದು ಅದೇ ಕಥೆ. ಅವರನ್ನು ಸ್ಟುಡಿಯೋದಿಂದ ವಾಪಸು ಕಳಿಸಿ ಅಜ್ಜಿಯನ್ನು ಉಳಿಸಿಕೊಂಡರು. ಹೆಂಡತಿ ಬಣ್ಣ ಹಚ್ಚಿ ತಂದ ದುಡ್ಡಿನಲ್ಲಿ ಗಂಡ ಕೂತು ಉಣ್ಣುತ್ತಾನೆಂಬ ಮಾತನ್ನು ತಡೆಯಲಾರದೆ ಅವರು ಕುಡಿತಕ್ಕೆ ಬಿದ್ದರು, ಒಂದು ಕ್ಯಾಂಪಿನಲ್ಲಿ ಜ್ವರ ಬಂದು ತೀರಿಕೊಂಡರು. ಅಜ್ಜಿಯ ವಜ್ರದೋಲೆ ಅವರ ಔಷಧಿಗೆ, ಬಳೆ ಅವರ ಮಣ್ಣಿಗೆ ಹೋಯಿತು. ಗಂಡ ಸತ್ತ ತಿಂಗಳೊಳಗೆ ಅಜ್ಜಿ ಮತ್ತೆ ಗೆಜ್ಜೆ ಕಟ್ಟಿದಾಗ ಊರವರು ಏನೆಂದಿರಬಹುದೆಂದು ನಾನು ಬರೆಯಬೇಕಾಗಿಲ್ಲ. ನಾಟಕದವಳೆಂದು ಬಾಡಿಗೆಗೆ ಮನೆ ಕೊಡುತ್ತಿರಲಿಲ್ಲ. ರಾತ್ರಿ ದ್ರೌಪದಿಯ ಮಾನಭಂಗಕ್ಕೆ ಕಣ್ಣೀರಿಟ್ಟವರೇ ಬೆಳಿಗ್ಗೆ ಬಾವಿಯಿಂದ ನೀರು ಸೇದಲು ಬಿಡುತ್ತಿರಲಿಲ್ಲ ಎಂದು ಅಮ್ಮ ಇಂದಿಗೂ ಹೇಳುತ್ತಾರೆ.

ಈ ದಾರಿ ನಮ್ಮ ಮನೆಯದ್ದಷ್ಟೇ ಅಲ್ಲ. ಫಾಲ್ಕೆಯವರು 1913ರಲ್ಲಿ ಹೆಣ್ಣುಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ಕರೆತಂದಾಗ ಮುಂದೆ ಬಂದವರು ದುರ್ಗಾಬಾಯಿ ಕಾಮತ್ ಮತ್ತು ಅವರ ಮಗಳು ಕಮಲಾಬಾಯಿ, ತಾಯಿ ಪಾರ್ವತಿಯಾಗಿ, ಮಗಳು ಮೋಹಿನಿಯಾಗಿ. ಗಂಡನಿಂದ ದೂರವಾಗಿ ಒಬ್ಬ ಮಗಳನ್ನು ಸಾಕಬೇಕಿದ್ದ ತಾಯಿ ಆಕೆ. ಕೇರಳದ ಮೊದಲ ಚಿತ್ರ ತೆಗೆದ ಜೆ.ಸಿ. ಡೇನಿಯಲ್ ಇದ್ದಬದ್ದ ಆಸ್ತಿಯನ್ನೆಲ್ಲ ಕಳೆದುಕೊಂಡರು, ಸರ್ಕಾರದ ನೆರವು ಕೇಳಿಯೂ ದಕ್ಕದೆ 1975ರಲ್ಲಿ ಬಡತನದಲ್ಲೇ ಕಣ್ಣು ಮುಚ್ಚಿದರು. ಇಂದು ಅದೇ ಸರ್ಕಾರ ತನ್ನ ಅತಿದೊಡ್ಡ ಚಲನಚಿತ್ರ ಪ್ರಶಸ್ತಿಯನ್ನು ಅವರ ಹೆಸರಿನಲ್ಲಿ ಕೊಡುತ್ತಿದೆ. ಸತ್ತ ಮೇಲೆ ಹೆಸರಿಡುವ ಆ ದಾರಿಯನ್ನು ನಮ್ಮ ಸರ್ಕಾರವೂ ಹಿಡಿಯುವುದು ಬೇಡ. ನನ್ನ ತಾಯಿ ಇನ್ನೂ ಬದುಕಿದ್ದಾರೆ.

ಚಿತ್ರಗಳು ಹೇಗೆ ನಾಶವಾದವೆಂಬುದೂ ಗುಟ್ಟಲ್ಲ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಕಿಡಿ ತಾಗಿದರೆ ಸಾಕು ಹೊತ್ತಿಕೊಳ್ಳುವಂಥದ್ದು. ನಮ್ಮ ಸೆಕೆಗೂ ತೇವಕ್ಕೂ ಅದು ಅಂಟಂಟಾಗಿ, ಕಡೆಗೆ ಡಬ್ಬಿಯೊಳಗೇ ಪುಡಿಯಾಗುತ್ತದೆ. ಅದರಲ್ಲಿರುವ ಬೆಳ್ಳಿಗಾಗಿ ಹಳೆಯ ಪ್ರಿಂಟುಗಳನ್ನು ತೂಕಕ್ಕೆ ಮಾರಿದವರೂ ಇದ್ದರು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಹುಟ್ಟಿದ್ದೇ 1964ರಲ್ಲಿ, ಅಂದರೆ ಕನ್ನಡ ಮಾತಾಡುವ ಚಿತ್ರ ಬಂದು ಮೂವತ್ತು ವರ್ಷಗಳಾದ ಮೇಲೆ. ಅಷ್ಟರಲ್ಲಿ ಹೋದದ್ದು ಹೋಯಿತು, ಅದಕ್ಕೆ ಇಂದಿನ ಯಾರನ್ನೂ ದೂರಲಾರೆ. ಆದರೆ ಕಾಗದದಲ್ಲಿ ಉಳಿದದ್ದು ಇನ್ನೂ ಮನೆಮನೆಗಳ ಅಟ್ಟದ ಮೇಲಿದೆ. ಅದು ಇಂದು ಹೋದರೆ ಅದರ ಹೊಣೆ ಇಂದಿನವರದೇ.

ಅಕಾಡೆಮಿ ಇದೆ, ಚಿತ್ರೋತ್ಸವ ನಡೆಯುತ್ತದೆ, ಪ್ರಶಸ್ತಿಗಳಿವೆ, ಚಿತ್ರನಗರಿಯ ಘೋಷಣೆ ಸರ್ಕಾರದಿಂದ ಸರ್ಕಾರಕ್ಕೆ ಒಂದೂರಿನಿಂದ ಇನ್ನೊಂದೂರಿಗೆ ಓಡಾಡುತ್ತಲೇ ಇದೆ. ಇವು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಒಬ್ಬ ಹಳೆಯ ನಟಿ ತನ್ನ ಟ್ರಂಕನ್ನು ಹೊತ್ತು ತಂದು ಭರವಸೆಯಿಂದ ಇಳಿಸಬಹುದಾದ ಒಂದು ಮೇಜು ಎಲ್ಲಿದೆ? ನಾಟಕವೆಂದರೆ ಒಂದು ಇಲಾಖೆ, ಸಿನಿಮಾ ಎಂದರೆ ಇನ್ನೊಂದು ಇಲಾಖೆ. ಅಲ್ಲಿ ಹೋದರೆ "ನೀವು ಸಿನಿಮಾದವರು" ಎನ್ನುತ್ತಾರೆ, ಇಲ್ಲಿ ಬಂದರೆ "ನೀವು ನಾಟಕದವರು" ಎನ್ನುತ್ತಾರೆ. ಆ ಕಾಲದಲ್ಲಿ ಇವೆರಡೂ ಬೇರೆ ಇರಲಿಲ್ಲ ಎಂಬುದು ಸಿನಿಮಾ ಚರಿತ್ರೆ ಓದಿದ ಯಾರಿಗಾದರೂ ಗೊತ್ತು. ಕಂಪನಿಯೇ ಇಡಿಯಾಗಿ ಸ್ಟುಡಿಯೋಗೆ ಹೋಗಿ, ಆಡುತ್ತಿದ್ದ ನಾಟಕವನ್ನೇ ಚಿತ್ರವಾಗಿಸಿ, ಮರಳಿ ಬಂದು ಮತ್ತೆ ನಾಟಕ ಆಡುತ್ತಿತ್ತು. ಒಬ್ಬರೇ ಮನುಷ್ಯರು ಎರಡೂ ಕಡೆ ದುಡಿದರು. ಈಗ ಎರಡೂ ಕಡೆಯವರು ಅವರನ್ನು ಹೊರಗೆ ತಳ್ಳುತ್ತಿದ್ದಾರೆ.

ಆದ್ದರಿಂದ ಮತ್ತೊಮ್ಮೆ ಕೇಳುತ್ತೇನೆ: ಭಂಡಾರ ಬೇಕು. ದೊಡ್ಡ ಕಟ್ಟಡ ಬೇಡ, ಅಮೃತಶಿಲೆಯ ಶಂಕುಸ್ಥಾಪನೆ ಬೇಡ. ಒಂದು ಒಣ ಕೋಣೆ, ಒಳ್ಳೆಯ ಸ್ಕ್ಯಾನರ್, ಹಳೆಯ ಕಾಗದವನ್ನು ಹೇಗೆ ಮುಟ್ಟಬೇಕೆಂದು ಬಲ್ಲ ಇಬ್ಬರು ಮೂವರು ಸಿಬ್ಬಂದಿ ಇದ್ದರೆ ನಾಳೆಯೇ ಶುರು ಮಾಡಬಹುದು. ಜಿಲ್ಲೆಗಳಿಗೆ ಅವರೇ ಹೋಗಲಿ, ಏಕೆಂದರೆ ಈ ಕುಟುಂಬಗಳಲ್ಲಿ ಉಳಿದವರಿಗೆ ಬಸ್ಸು ಹತ್ತುವ ಶಕ್ತಿಯಿಲ್ಲ. ಮೂಲವನ್ನು ಅಲ್ಲೇ ಪ್ರತಿ ಮಾಡಿಕೊಂಡು ಅಲ್ಲೇ ಮರಳಿಸಲಿ. ಕಾಗದವೂ ಇಲ್ಲದವರು ಹೇಳುವುದನ್ನು ಧ್ವನಿಮುದ್ರಿಸಿಕೊಳ್ಳಲಿ. ಯಾವ ಕ್ಯಾಂಪಿನಲ್ಲಿ ಯಾರು ಯಾವ ಪಾತ್ರ ಮಾಡಿದರು, ಯಾವ ಹಾಡಿಗೆ ವನ್ಸ್‌ಮೋರ್ ಬಿತ್ತು ಎಂಬುದನ್ನು ರಂಗಭೂಮಿಯ ಚರಿತ್ರೆ ಬಲ್ಲವರು ಕೇಳಿದರೆ, ನಿಜ ಯಾವುದು ಸುಳ್ಳು ಯಾವುದು ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ನನ್ನ ತಾಯಿಗೆ ಔಷಧಿ ತೆಗೆದುಕೊಂಡದ್ದು ಮರೆತುಹೋಗುತ್ತದೆ, ಲೋಹಿತಾಶ್ವನ ಮಾತು ಒಂದಕ್ಷರವೂ ಮರೆತಿಲ್ಲ. ಅದನ್ನು ಪುರಾವೆಯೆಂದು ಬರೆದುಕೊಳ್ಳುವ ಕಾಲಂ ತಮ್ಮ ಅರ್ಜಿಯ ನಮೂನೆಯಲ್ಲಿ ಇಲ್ಲ. ದಯವಿಟ್ಟು ಸೇರಿಸಿ.

ಮತ್ತು ಭಂಡಾರ ಆಗುವವರೆಗೆ, ಯಾವ ಕಚೇರಿಯಲ್ಲಿಯೂ ಯಾರ ಮೂಲ ಭಾವಚಿತ್ರಕ್ಕೂ ಪಿನ್ನು ಹೊಡೆಯಬಾರದು, ಮೊಹರು ಒತ್ತಬಾರದು, ದೃಢೀಕರಿಸಿದ ನಕಲನ್ನೇ ಸ್ವೀಕರಿಸಬೇಕು ಎಂಬ ಒಂದು ಸುತ್ತೋಲೆಯನ್ನು ಹೊರಡಿಸಿ. ಇದಕ್ಕೆ ಬಜೆಟ್ಟು ಬೇಡ, ಸಂಪುಟ ಸಭೆ ಬೇಡ, ತಮ್ಮ ಒಂದು ಸಹಿ ಸಾಕು. ಆ ಸುತ್ತೋಲೆಯ ಪ್ರತಿಯನ್ನೂ, ಭಂಡಾರದ ಬಗ್ಗೆ ಆಗುತ್ತದೆ ಅಥವಾ ಆಗುವುದಿಲ್ಲ ಎಂಬ ಲಿಖಿತ ಉತ್ತರವನ್ನೂ ನನ್ನ ತಾಯಿ ಓದಬಲ್ಲವರಾಗಿರುವಾಗಲೇ ಕಳಿಸಿಕೊಡಬೇಕೆಂದು ಕೋರುತ್ತೇನೆ.

ಇತಿ,
ಕಂಪನಿ ನಟಿಯೊಬ್ಬರ ಮೊಮ್ಮಗಳು