ಭಾವಾ, ಸರದಿ ಇನ್ನೂ ನಿನ್ನದೇ

ಭಾವಾ,

ವಾಟ್ಸಾಪ್‌ನಲ್ಲಿ ನೀಲಿ ಗೆರೆ ಬಿದ್ದರೂ ಉತ್ತರವಿಲ್ಲ. ಹಾಗಾಗಿ ಎಲ್ಲರೆದುರೇ ಬರೆಯುತ್ತಿದ್ದೇನೆ. ಓದುವವರು ಓದಲಿ. ನಮ್ಮ ಆಟದ ಹಪ್ಪಳದ ನಿಯಮದ ಬಗ್ಗೆ ಮಾತ್ರ ಯಾರೂ ಕೇಳಬೇಡಿ.

ನಮ್ಮ ನಾಮಿಕ್ ನಿಂತುಹೋಗಿದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, 1982ರಲ್ಲಿ ಪೀಟರ್ ಸುಬರ್ ಎಂಬ ಅಮೆರಿಕದ ಫಿಲಾಸಫಿ ಮೇಷ್ಟ್ರು ಲೋಕಕ್ಕೆ ಬಿಟ್ಟ ಆಟ. ನಿಯಮ ಬದಲಿಸುವುದೇ ಇಲ್ಲಿ ಆಟ. ಸರದಿ ಬಂದವನು ಒಂದು ತಿದ್ದುಪಡಿ ಮುಂದಿಡಬೇಕು, ಎಲ್ಲರೂ ಮತ ಹಾಕಬೇಕು. ಆಮೇಲೆ ಅವನು ದಾಳ ಹಾಕಿ ಅಂಕ ಸೇರಿಸಿಕೊಳ್ಳಬೇಕು. ಮೊದಲು ನೂರು ಮುಟ್ಟಿದವನು ಗೆದ್ದ. ಕಂಪ್ಯೂಟರಿನಲ್ಲಿ ಆಡುವಾಗ ಅಡ್ಡಹೆಸರಿನ ಅಕ್ಷರಕ್ರಮದಲ್ಲಿ ಸರದಿ ಅಂತ ಮೂಲ ನಿಯಮ. ನಮ್ಮಲ್ಲಿ ಅರ್ಧಕ್ಕರ್ಧ ಭಟ್ಟರೇ, ಮೊದಲ ದಿನವೇ ಅದು ಮುಗ್ಗರಿಸಿತು! ತಲಪಾಡಿಯಿಂದ ತೆಂಕಕ್ಕೆ ಹೈವೇಯಲ್ಲಿ ಯಾರ ಮನೆ ಮೊದಲು ಸಿಗುತ್ತದೋ ಅವರದ್ದೇ ಮೊದಲು ಅಂತ ಮಾಡಿಕೊಂಡೆವು. ಉಪ್ಪಳದ ನನ್ನ ಬೆನ್ನಿಗೆ ಕುಂಬಳೆಯ ನೀನು.

ಮಳೆಗಾಲದಲ್ಲಿ ಕರೆಂಟಿರುವುದಿಲ್ಲ ಅಂತ ಎರಡು ದಿನದ ಗಡುವನ್ನು ತೆಗೆಸಿದ್ದು ನೀನು. ಸರದಿ ಹಾರಿಸುವಂತಿಲ್ಲ ಎಂಬುದು ಮೂಲದಲ್ಲೇ ಇದೆ. ಆಮೇಲೆ ನಿನ್ನ ಸುದ್ದಿಯೇ ಇಲ್ಲ. ಗಡುವು ವಾಪಸ್ ತರಲು ತಿದ್ದುಪಡಿ ಬೇಕು, ತಿದ್ದುಪಡಿ ಇಡಲು ಸರದಿ ಬೇಕು, ಸರದಿ ನಿನ್ನ ಹತ್ತಿರ. ಈಗ ಕಾಞಂಗಾಡಿನವನು 213ನೇ ನಿಯಮ ಎತ್ತಿಕೊಂಡು ಬಂದಿದ್ದಾನೆ. ನಿಯಮ ಬದಲಿಸಿದ್ದರಿಂದ ಆಟವೇ ಮುಂದೆ ಹೋಗದಿದ್ದರೆ, ಸರದಿ ಮುಗಿಸಲಾಗದ ಮೊದಲ ಆಟಗಾರನೇ ಗೆದ್ದ ಹಾಗಂತೆ. ನೀನು ಸುಮ್ನೆ ಕೂತೇ ಗೆದ್ದೆ ಅಂತ ಅವನ ವಾದ. 212ರ ಪ್ರಕಾರ ತೀರ್ಪು ಕೊಡಬೇಕಾದವನು ನಿನ್ನ ಹಿಂದಿನ ಆಟಗಾರ. ಅಂದರೆ ನಾನು.

ಇಡೀ ಜಗಳ ಒಂದೇ ಪ್ರಶ್ನೆಗೆ ಬಂದು ನಿಂತಿದೆ. ನಿನಗೆ ಆಗುತ್ತಿಲ್ಲವೋ, ಮನಸ್ಸಿಲ್ಲವೋ?

ಮೊನ್ನೆ ಕುಂಬಳೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನಿನ್ನ ಅಮ್ಮ ಸಿಕ್ಕಿದರು. ಕೈಯಲ್ಲಿ ಹೊಸ ಕೊಡೆ. ಹಿಡಿಗೆ ಅಂಟಿಸಿದ, ಗಲ್ಫಿನ ದಿರ್ಹಾಮಿನಲ್ಲಿ ಬೆಲೆ ಬರೆದ ಚೀಟಿಯನ್ನೂ ಕಿತ್ತಿರಲಿಲ್ಲ. "ಮಗ ಬಂದಾಗ ತಂದದ್ದು" ಅಂದರು. ಬಂದಾಗ! ಕುಂಬಳೆಯಿಂದ ಉಪ್ಪಳಕ್ಕೆ ಎಷ್ಟು ದೂರ ಮಾರಾಯ? ಹೌದಾ ಅಂತ ನಗಾಡಿ ಬಸ್ ಹತ್ತಿದೆ.

ತೀರ್ಪಿಗೆ ಈ ಸಾಕ್ಷಿ ಧಾರಾಳ ಸಾಕು. ಆದರೂ ಬರೆಯಲು ಕೂತರೆ ಕೈ ಓಡಲಿಲ್ಲ. ನೀನು ಗೆದ್ದೆ ಅಂದರೆ ಆಟ ಮುಗಿಯಿತು. ಆಮೇಲೆ ನಿನಗೆ ಮೆಸೇಜ್ ಹಾಕಲು ನನಗೊಂದು ನೆಪವೂ ಉಳಿಯುವುದಿಲ್ಲ. ಹಳೇ ಚಾಟ್ ತೆಗೆದು ನೋಡಿದೆ. ಅಪ್ಪನನ್ನು ಮಂಗಳೂರಿಗೆ ಕರೆದುಕೊಂಡು ಹೋದ ರಾತ್ರಿಯೂ ನಾವಿಬ್ಬರು ಬಹುಮತ ಸಾಕೋ, ಒಮ್ಮತವೇ ಬೇಕೋ ಅಂತ ಜಗಳವಾಡಿದ್ದೇವೆ. ನಾನು ಐಸಿಯು ಹೊರಗಿನ ಬೆಂಚಿನಲ್ಲಿ ಕೂತು ಟೈಪ್ ಮಾಡುತ್ತಿದ್ದೆ. ನಿನಗೆ ಹೇಳಲಿಲ್ಲ. ನೀನು ಎಲ್ಲಿದ್ದೀ ಅಂತ ಕೇಳಲೂ ಇಲ್ಲ.

ಅಯ್ಯೋ, ಇದು ಎಲ್ಲಿಂದ ಎಲ್ಲಿಗೋ ಹೋಯಿತು. ಕಾಞಂಗಾಡಿನವ ಇದರ ಸ್ಕ್ರೀನ್‌ಶಾಟ್ ತೆಗೆದು ವರ್ಷವಿಡೀ ನಗಾಡುತ್ತಾನೆ. ಇರಲಿ. ಕಾಸರಗೋಡಿನ ನಮ್ಮ ಭಾಗ ಕರ್ನಾಟಕಕ್ಕೆ ಸೇರಬೇಕೆಂದ ಮಹಾಜನ ವರದಿ ಬಂದದ್ದು 1967ರಲ್ಲಿ, ಅದಕ್ಕೇ ಇನ್ನೂ ಕಾಯುತ್ತಿರುವ ಊರಿನವರು ನಾವು. ನಿನ್ನ ಸರದಿಗೆ ಕಾಯೋದು ಎಂತ ಮಹಾ?

ತೀರ್ಪು ಹೀಗಿದೆ. ಆಗದವನು ಕೊಡೆ ತರುವುದಿಲ್ಲ. ಆದ್ದರಿಂದ ಗೆಲುವಿಲ್ಲ, ಸರದಿ ನಿನ್ನದೇ. ಇದನ್ನು ತಳ್ಳಿಹಾಕಲು ಉಳಿದ ಆಟಗಾರರೆಲ್ಲರ ಒಮ್ಮತ ಬೇಕು. ಅಂದರೆ ನನ್ನನ್ನು ಸೋಲಿಸಲಿಕ್ಕಾದರೂ ನೀನು ಬಂದು ಮತ ಹಾಕಬೇಕು. ನಿನ್ನ ಅಂಕ ಹನ್ನೊಂದು, ಜಾಸ್ತಿ ಜಂಬ ಬೇಡ. ನನ್ನದು ಒಂಬತ್ತು ಅಂತ ಯಾರಿಗೂ ಹೇಳಬೇಡ.

ಇಂತಿ,
ಉಪ್ಪಳದ ಘನ ನ್ಯಾಯಾಧೀಶ