ಗುಂಪಿನ ಸದಸ್ಯರಿಗೆ: ಭಾನುವಾರದ ಚರ್ಚೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ಹವಾಮಾನ ಬದಲಾವಣೆಯ ಬಗ್ಗೆ ‘ಬರ, ನೆರೆ ಎಲ್ಲ ಕಾಲದಲ್ಲೂ ಇದ್ದವು, ಈಗೇಕೆ ಗಾಬರಿ?’ ಎಂಬ ಮಾತು ಗುಂಪಿನಲ್ಲಿ ಓಡಾಡುತ್ತಿದೆ. ಭಾನುವಾರ ಸಂಜೆ 5ಕ್ಕೆ ಗಂಗಾವತಿಯಲ್ಲಿ ಸೇರಿದಾಗ ಇದನ್ನೇ ಮಾತನಾಡೋಣ. ಬರುವ ಮುನ್ನ ಇಷ್ಟನ್ನು ದಯವಿಟ್ಟು ಓದಿ.

ಆ ಮಾತು ಪೂರ್ತಿ ಸುಳ್ಳಲ್ಲ. 1876–78ರ ಬರದಲ್ಲಿ ಮದ್ರಾಸ್ ಪ್ರಾಂತ್ಯದ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಅದೇ ಹೊತ್ತಿನಲ್ಲಿ ದೇಶದ ಧಾನ್ಯ ಹಡಗೇರಿ ಹೊರಗೆ ಹೋಗುತ್ತಿತ್ತು. ಆ ಬರದ ಸಾವುಗಳನ್ನೆಲ್ಲ ಮಳೆಯ ತಲೆಗೆ ಕಟ್ಟುವಂತಿಲ್ಲ. ನಮ್ಮ ತುಂಗಭದ್ರಾ ಅಚ್ಚುಕಟ್ಟಿನ ಸವಳು-ಜವಳೂ (ಹೊಲದಲ್ಲಿ ಉಪ್ಪೇರುವುದು, ನೀರು ನಿಲ್ಲುವುದು) ಹೊಸ ರೋಗವಲ್ಲ. ಮೆಸಪೊಟೇಮಿಯಾದ ಕಾಲುವೆ ಬಯಲುಗಳಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಉಪ್ಪು ಮೇಲೆದ್ದಿತ್ತು.

ಆದರೆ ಅಂದು ಹಾಳಾದದ್ದು ಒಂದೊಂದು ಸೀಮೆ. ಗುಳೆ ಹೋದವರಿಗೆ ಇನ್ನೊಂದು ಸೀಮೆಯ ಆಸೆಯಾದರೂ ಇತ್ತು. ಈಗ ಬದಲಾಗುತ್ತಿರುವುದು ಇಡೀ ಭೂಮಿಯ ವಾತಾವರಣ. ಅಂಟಾರ್ಕ್ಟಿಕಾದ ಹಿಮದಲ್ಲಿ ಸೆರೆಯಾದ ಗಾಳಿಗುಳ್ಳೆಗಳು ಹೇಳುವಂತೆ, ಕೈಗಾರಿಕಾ ಯುಗಕ್ಕೆ ಮುಂಚಿನ 8 ಲಕ್ಷ ವರ್ಷಗಳಲ್ಲಿ ಭೂಮಿಯನ್ನು ಬಿಸಿಯಾಗಿಸುವ ಇಂಗಾಲದ ಡೈಆಕ್ಸೈಡ್ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ಸುಮಾರು 300 ಭಾಗವನ್ನು ಮೀರಿರಲಿಲ್ಲ. ಇಂದು ಅದು 420ನ್ನು ದಾಟಿದೆ. ನಮ್ಮಂಥ ಮನುಷ್ಯರು ಹುಟ್ಟಿದ್ದೇ ಸುಮಾರು 3 ಲಕ್ಷ ವರ್ಷಗಳ ಹಿಂದೆ. ಹಾಗಾಗಿ ಇಂಥ ಗಾಳಿಯನ್ನು ಮನುಷ್ಯರಾದ ನಮ್ಮ ಯಾವ ಪೂರ್ವಜರೂ ಉಸಿರಾಡಿಲ್ಲ. ಹಳೆಯ ಬರಗಳ ಹೆಸರು ಹೇಳಿ ಇದನ್ನು ತಳ್ಳಿಹಾಕುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹಿರಿಯರು ತಮ್ಮ ಊರಿನ ಬಾವಿ, ಕೆರೆ, ಸವಳು ಹೊಲಗಳ ಬಗ್ಗೆ ನೆನಪಿರುವುದನ್ನು ಬರೆದು ತನ್ನಿ. ಮೂಲ ತಿಳಿಯದ ವಿಡಿಯೊಗಳನ್ನು ಅಲ್ಲಿಯವರೆಗೆ ಹಂಚಬೇಡಿ.